ಕುರಿಗಳನ್ನು ಕರೆಯುವ ದನಿ

ಕೂಗು ಎರಡನೇ ಸಲ ಬಂದಾಗ ಅವನು ಉಣ್ಣೆ ಹಿಂಜುವ ಯಂತ್ರದ ಹಿಡಿಯನ್ನು ಅರ್ಧ ಸುತ್ತಿನಲ್ಲೇ ನಿಲ್ಲಿಸಿದ. ಉರುಳೆಯ ತಂತಿಹಲ್ಲುಗಳಿಗೆ ಸಿಕ್ಕ ಉಣ್ಣೆ ಅರ್ಧ ಬಿಡಿಸಿಕೊಂಡು ಅರ್ಧ ಸಿಕ್ಕಿಕೊಂಡು ಅಲ್ಲಾಡದೆ ನಿಂತಿತು. ಹೋ... ಬಾ... ಹೋಬಾ ಹೋ... ಮೊದಲು ತಗ್ಗಿನಲ್ಲಿ, ಬಾವಿಯೊಳಗಿಂದ ಬಂದ ಹಾಗೆ. ಆಮೇಲೆ ಮೇಲೇರಿ, ಏರಿದಲ್ಲಿ ಒಂದು ಕಡೆ ಸಣ್ಣಗೆ ಒಡೆದು, ಒಡೆದದ್ದನ್ನು ತಾನೇ ಸಾವರಿಸಿಕೊಂಡು ಮತ್ತೆ ತಗ್ಗಿಗೆ. ಹೆಂಡತಿಯ ಕೂಗು. ಅದು ಒಡೆಯುವ ಆ ಜಾಗವನ್ನು ಅವನು ಮದುವೆಯಾದ ಹೊಸದರಲ್ಲೇ ಗುರುತಿಸಿದ್ದ. ಹಾಡು ಕಲಿತವರ ಗಂಟಲು ಹಾಗೆ ಒಡೆಯುವುದಿಲ್ಲ ಎಂದು ಅವಳನ್ನು ಛೇಡಿಸಿದ್ದ. ಕುರಿಗಳಿಗೆ ಹಾಡು ಬೇಕಾಗಿಲ್ಲ ಕಣ್ರೀ ಎಂದು ಅವಳು ಅಂದಿದ್ದಳು. ಈಗ ಅವನು ಕಿಟಕಿಯತ್ತ ತಿರುಗಬಾರದೆಂದು ಹಟ ಹಿಡಿದವನಂತೆ ಗೋಡೆಯ ಮೊಳೆಯೊಂದನ್ನೇ ನೋಡುತ್ತ, ಯಾರಿಗೂ ಕೇಳದ ಹಾಗೆ, “ಬಂದೆ” ಅಂದ. ಕಿಟಕಿಯತ್ತ ನೋಡಿದರೆ ಮುಗಿಯಿತು. ಬೇಲಿಯ ಹತ್ತಿರ ನಿಂತಿರುವುದು ಹೆಂಡತಿಯ ಕೋಟು ತೊಟ್ಟ ಅವಳ ತಂಗಿ. ಹೆಂಡತಿ ಸತ್ತು ಆಗಲೇ ಚಳಿಗಾಲ ಅರ್ಧ ಕಳೆದಿತ್ತು.

ಗುಡ್ಡದ ಓರೆಯಿಂದ ಕುರಿಗಳು ಇಳಿಯುವ ಸದ್ದು ಬಂತು. ಹೆಪ್ಪುಗಟ್ಟಿದ ಇಬ್ಬನಿಯ ಮೇಲೆ ಗೊರಸುಗಳು ಯಾರೋ ದೂರದಲ್ಲಿ ಹಪ್ಪಳ ಮುರಿಯುತ್ತಿರುವ ಹಾಗೆ ಸದ್ದು ಮಾಡುತ್ತಿದ್ದವು. ಅವನು ಮತ್ತೆ ಹಿಡಿ ತಿರುಗಿಸಿದ. ಮೊದಮೊದಲು ಈ ಕುರಿಗಳು ನಾದಿನಿಗೆ ಬಗ್ಗಿರಲಿಲ್ಲ. ಪಟ್ಟಣದ ದರ್ಜಿ ಅಂಗಡಿಯಲ್ಲಿ ಕಾಜ ಹೊಲಿಯುತ್ತಿದ್ದವಳು ಅಕ್ಕನ ಸಾವಿಗೆ ಬಂದು, “ಕುರಿಗಳಿಗೊಂದು ದಾರಿ ಆಗೋ ತನಕ ಇರ್ತೀನಿ ಭಾವ” ಎಂದು ಉಳಿದಿದ್ದಳು. ಅವಳ ಕೆಂಪು ಟೋಪಿ ಕಂಡರೆ ಸಾಕು, ಮಂದೆ ಬೇಲಿಯ ಆ ತುದಿಗೆ ಓಡುತ್ತಿತ್ತು. ಒಂದು ದಿನ ಹಿಂದೆ ಹಿಂದೆ ಓಡಿ, ಕೆಸರಲ್ಲಿ ಜಾರಿ, ಕೈಕಾಲು ಚಾಚಿ ಬಿದ್ದಿದ್ದಳು. ಮಂದೆಗೆಲ್ಲ ಹಿರಿಯಳಾದ ಮುದಿ ಹೆಣ್ಣುಕುರಿ, ಹೆಂಡತಿ ಅದನ್ನು ಯಜಮಾನಿ ಎಂದೇ ಕರೆಯುತ್ತಿದ್ದಳು, ಮೇಲಿನ ದಿಬ್ಬದಿಂದ ಅತ್ತೆ ಹೊಸ ಸೊಸೆಯನ್ನು ನೋಡುವ ಹಾಗೆ ನೋಡುತ್ತ ನಿಂತಿತ್ತು. ನಾದಿನಿ ಅವತ್ತು ನಗುತ್ತ ನಗುತ್ತ ಅತ್ತಳು. ಅವಳ ಮೊಣಕೈಗೆ ಮುಲಾಮು ಹಚ್ಚಿಕೊಳ್ಳಲು ಕೊಟ್ಟು ಅವನೇ ಅಂದಿದ್ದ: “ನಿಮ್ಮಕ್ಕನ ಕೋಟು ಹಾಕ್ಕೊಂಡು ನೋಡು. ಅವಕ್ಕೆ ವಾಸನೆ ಮುಖ್ಯ.” ಆಗ ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಇರಲಿಲ್ಲ ಎಂದೇ ಅವನ ನಂಬಿಕೆ. ಕೋಟಿಗೆ ಕುರಿಗಳು ಅರ್ಧ ಬಗ್ಗಿದವು; ಓಡುವುದು ಬಿಟ್ಟು ನಿಂತು ಮೂಸಿದವು, ಹತ್ತಿರ ಮಾತ್ರ ಬರಲಿಲ್ಲ. “ಅವಳು ಕೂಗೋ ಹಾಗೆ ಕೂಗಿ ನೋಡು” ಅಂದ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ಅಕ್ಕತಂಗಿಯರು. ಒಬ್ಬಳು ಇನ್ನೊಬ್ಬಳ ದನಿ ಅಣಕಿಸುವುದು ಅವರಿಗೆ ಚಿಕ್ಕಂದಿನ ಆಟ. ಆದರೂ ಶುರುವಿನಲ್ಲಿ ಅದು ಬರೀ ಅಣಕವಾಗಿತ್ತು, ಕುರಿಗಳು ತಲೆ ಕೂಡ ಎತ್ತಲಿಲ್ಲ. ಆಮೇಲೊಂದು ಬೆಳಗ್ಗೆ ಕೂಗು ಮೇಲೇರಿ ಸರಿಯಾಗಿ ಆ ಜಾಗದಲ್ಲೇ ಒಡೆಯಿತು. ಯಜಮಾನಿ ಮುಂದೆ, ಉಳಿದವು ಹಿಂದೆ, ಇಡೀ ಮಂದೆ ಓರೆ ಇಳಿದು ಬಂತು. ಇಲ್ಲಿ ಒಳಗೆ ಅವನ ಅಂಗೈ ಉರುಳೆಯ ಹಲ್ಲಿಗೆ ಸಿಕ್ಕಿತ್ತು. ಬಿಳಿ ಉಣ್ಣೆಯ ಮೇಲೆ ಕಲೆ ಕಂಡ ಮೇಲೇ ಅವನಿಗೆ ಅದು ಗೊತ್ತಾದದ್ದು.

ಅಲ್ಲಿಗೇ ನಿಂತಿದ್ದರೆ ಅವನದೇನೂ ತಪ್ಪಿರಲಿಲ್ಲ. ನಾದಿನಿ ಔಷಧಿ ತರಲು ಪಟ್ಟಣಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಅವನು ಬಡಕಲು ಮರಿಯೊಂದಕ್ಕೆ ತಿನ್ನಿಸೋಣವೆಂದು ಬಿಸ್ಕತ್ತಿನ ಹಳೆಯ ತಗಡು ಡಬ್ಬಿಗೆ ಒಂದು ಬೊಗಸೆ ಜೋಳ ಸುರಿದಿದ್ದ. ಜೋಳ ತಗಡಿಗೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿರುವಾಗಲೇ ಮಂದೆ ಎಲ್ಲಿತ್ತೋ, ಏನೋ, ಗುಡ್ಡ ಕಿತ್ತು ಬಂದ ಹಾಗೆ ಬಂದು ಅವನ ಮೊಣಕಾಲಿಗೆ ಅಪ್ಪಳಿಸಿತು. ನೂಲಿಗೆ ಬಣ್ಣ ಹಾಕುವ ಹಂಡೆಯ ವಾಸನೆಯ ಅವನಿಗೆ, ಇಷ್ಟು ವರ್ಷ ಅವು ಕ್ಯಾರೇ ಅನ್ನದಿದ್ದ ಅವನಿಗೆ! ಮೊದಲು ಖುಷಿಯಾಯಿತು. ಬಿಸಿ ಉಸಿರು, ಒದ್ದೆ ಮೂಗು, ಕೈಯನ್ನೆಲ್ಲ ನೆಕ್ಕುವ ಒರಟು ನಾಲಗೆ. ಆಮೇಲೆ ಹೆದರಿಕೆ. ಡಬ್ಬಿ ಸಾಕು ಅಂದಮೇಲೆ ಕೋಟು ಬೇಡ, ಕೂಗು ಬೇಡ. ನಾದಿನಿ ಬೇಕಾಗಿಯೇ ಇಲ್ಲ. ಜೋಳವನ್ನೆಲ್ಲ ನೆಲಕ್ಕೆ ಚೆಲ್ಲಿ, ಡಬ್ಬಿಯನ್ನು ಒರೆಸಿ, ಒರೆಸಿದ್ದು ಯಾಕೋ ಅವನಿಗೇ ತಿಳಿಯದು, ಬಣ್ಣದ ಬೇರುಗಳ ಮೂಟೆಯ ಹಿಂದೆ ಎತ್ತರದ ಹಲಗೆಯ ಮೇಲೆ ಇಟ್ಟ. ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆ ದಿನಾ ಬೆಳಗ್ಗೆ ಕೂಗಿನ ಜೊತೆಗೇ ಬರುತ್ತಿತ್ತು, ಕೂಗು ನಿಂತ ಕೂಡಲೇ ಎದ್ದು ಹೋಗುತ್ತಿತ್ತು.

ಅಂಗಳದಲ್ಲಿ ಟ್ರ್ಯಾಕ್ಟರು ಕೆಮ್ಮಿ ನಿಂತಿತು. ಹುಲ್ಲಿನವನು. ಇವನು ಹೊರಗೆ ಬರುವಷ್ಟರಲ್ಲಿ ಅವನಾಗಲೇ ಹುಲ್ಲಿನ ಕಟ್ಟುಗಳನ್ನು ಇಳಿಸುವುದು ಬಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

“ಏನ್ ಸ್ವಾಮಿ, ನನ್ನ ಜೀವ ಇಲ್ಲೇ ಹೋಗೋದಿತ್ತಲ್ಲ! ಗೇಟಿನ ಹತ್ರ ಬಂದೆ, ಕೂಗು ಕೇಳಿಸ್ತು. ಸ್ಟೇರಿಂಗ್ ಬಿಟ್ಟೇಬಿಟ್ಟೆ. ಅಮ್ಮಾವ್ರದೇ ದನಿ.”

“ದೆವ್ವ ಅಂದ್ಕೊಂಡ್ರಾ?” ನಾದಿನಿ ಬೇಲಿಯ ಕಡೆಯಿಂದ ಬರುತ್ತ ಕೇಳಿದಳು. ಉದ್ದನೆಯ ಕಂದು ಕೋಟಿನ ಅಂಚು ಮಂಜಿನಿಂದ ಬೆಳ್ಳಗಾಗಿತ್ತು.

“ದೆವ್ವ ಆದ್ರೆ ನಂಗೇನು ತಾಯಿ? ದೆವ್ವ ಹುಲ್ಲು ತಗೊಳ್ಳಲ್ಲವಲ್ಲ, ವ್ಯಾಪಾರ ಹೋಯ್ತಲ್ಲಪ್ಪಾ ಅಂತ ಹೆದರಿಕೆ ಆಯ್ತು.”

ಅವಳು ನಕ್ಕು, ನಗು ಕೆಮ್ಮಾಗಿ, ಕೆಮ್ಮುತ್ತಲೇ ಒಂದು ಕಟ್ಟಿನೊಳಗೆ ಮೊಣಕೈತನಕ ಕೈ ತೂರಿಸಿದಳು. ಕಣ್ಣು ಅರ್ಧ ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಹುಲ್ಲಿನ ಒಳಗಿನ ಬಿಸುಪನ್ನು ಬೆರಳಲ್ಲಿ ಕೇಳುತ್ತಿರುವ ಹಾಗೆ ನಿಂತಳು. “ಇದು ಬೇಡ. ಒಳಗೆ ಬೆಚ್ಚಗಿದೆ, ಬೂಷ್ಟು ಹಿಡಿದಿರುತ್ತೆ. ಬೇರೆ ಕೊಡಿ.” ಹುಲ್ಲಿನವನು ಅವಳ ಕೈಯನ್ನೂ ಇವನ ಮುಖವನ್ನೂ ನೋಡಿದ. “ಅದೇ ಕೈ ಕಣ್ರೀ, ಅದೇ ಕೈ! ನಿಮಗೇನು ಬಿಡಿ ಸ್ವಾಮಿ, ಮನೆ ತುಂಬಿದ ಹಾಗೇ ಇದೆ.” ಹೇಳಿ ನಾಲಗೆ ಕಚ್ಚಿಕೊಂಡ. ಕಚ್ಚಿಕೊಳ್ಳದಿದ್ದರೆ ಮಾತು ಮಾತಾಗಿಯೇ ಹೋಗುತ್ತಿತ್ತೇನೋ. ಇವನಿಗೆ ಕಿವಿಯ ತುದಿ ಬಿಸಿಯಾಯಿತು. ನಾದಿನಿ ಕೈಗಂಟಿದ ಹುಲ್ಲಿನ ಎಳೆಗಳನ್ನು ಒಂದೊಂದಾಗಿ, ಬೇಕೆಂತಲೇ ನಿಧಾನವಾಗಿ ಬಿಡಿಸಿಕೊಂಡಳು. ನಾಚಿಕೆಯ ಕೆಳಗೆ ಏನೋ ಒಂದು ಸಣ್ಣ ಸಂತೋಷ ಇಲಿಯ ಹಾಗೆ ಓಡಿಹೋದದ್ದು ಅವನಿಗೆ ತಿಳಿಯಿತು. ಅದರ ಬಾಲವನ್ನೂ ಅವನು ನೋಡಿದ. ನೋಡಿಯೂ ನೋಡದವನ ಹಾಗೆ ಕಟ್ಟೊಂದನ್ನು ಹೆಗಲಿಗೇರಿಸಿ ಕೊಟ್ಟಿಗೆಗೆ ನಡೆದ.

ತಿಂಡಿಗೆ ಕೂತಾಗ ಅವಳು ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಬಂದಳು. ಕೋಟನ್ನು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದ್ದಳು. ಒಲೆಯ ಕಾವಿಗೆ ಅದರಿಂದ ಕುರಿಯುಣ್ಣೆಯ ಜಿಡ್ಡು, ಹಳೆಯ ಹೊಗೆ, ಮತ್ತೆ ಅವನು ಹೆಸರಿಡಲಾರದ ಇನ್ನೊಂದು ವಾಸನೆ ಏಳುತ್ತಿತ್ತು. ಅವಳ ಬೆರಳಿನ ತುದಿಗಳು ಸೀಳಿದ್ದವು. ಕಾಜ ಹೊಲಿಯುವ ಬೆರಳು.

“ಅಂಗಡಿಯಿಂದ ಹೇಳಿ ಕಳಿಸಿದ್ದಾರೆ ಭಾವ. ಯಾವಾಗ ಬರ್ತೀಯಾ, ಇಲ್ಲಾ ಬೇರೆಯವರನ್ನ ಇಟ್ಕೊಳ್ಳಲಾ ಅಂತ.”

“ನೀನೇನಂದೆ?”

“ಏನಂತೀನಿ? ನೀವು ಹೇಳಿ. ನಾನು ಹೋದ್ರೆ ಇವು ಕೊಟ್ಟಿಗೆಗೆ ಬರ್ತವಾ?”

ಅವನು ಬ್ರೆಡ್ಡನ್ನು ಚಹಾದಲ್ಲಿ ಅದ್ದಿದ. ಅದ್ದಿದ್ದು ಹೆಚ್ಚಾಗಿ ತುಂಡು ಮುರಿದು ಲೋಟದೊಳಗೆ ಬಿತ್ತು. ಈಗ ಹೇಳಬೇಕು. ಬಾಯಿ ತೆರೆದರೆ ಸಾಕು, ಡಬ್ಬಿ ಎಂಬ ಮಾತು ತಾನಾಗಿಯೇ ಬೀಳುತ್ತದೆ. “ಯಜಮಾನಿ ಈಯೋ ತನಕ ಇರು,” ಅಂದ. “ಅದಕ್ಕೆ ನಿನ್ನ ಬಿಟ್ರೆ ಯಾರೂ ಆಗಲ್ಲ.” ಸುಳ್ಳು ಹೇಳುವಾಗ ತನ್ನ ದನಿ ಇಷ್ಟು ಮೃದುವಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಹೂಂ ಅಂದಳು. ಲೋಟದೊಳಗೆ ನೋಡುತ್ತ, “ತಲೆ ತೊಳೆದ್ರೂ ಕೂದಲಲ್ಲಿ ಅಕ್ಕನ ವಾಸನೆ ಹೋಗಲ್ಲ. ನಿನ್ನೆ ಸೀನಿದೆ, ಅವಳು ಸೀನಿದ ಹಾಗೇ ಕೇಳಿಸ್ತು. ನಂಗೇ ಹೆದರಿಕೆ ಆಯ್ತು. ನಿಮಗೆ ಹೆದರಿಕೆ ಆಗಲ್ವಾ?” ಅಂದಳು. “ಇಲ್ಲಪ್ಪ” ಅಂದ. ನಿನ್ನೆ ಆ ಸೀನು ಕೇಳಿ ಅವನು ಕತ್ತಲ ಪಡಸಾಲೆಯಲ್ಲಿ ಗೋಡೆಗೆ ಕೈಕೊಟ್ಟು ತುಂಬ ಹೊತ್ತು ನಿಂತಿದ್ದ.

ಮಧ್ಯಾಹ್ನ ಆಕಾಶ ತಗ್ಗಿ ಬಂತು. ಅವನು ಬಣ್ಣದ ಕೋಣೆಯಲ್ಲಿ ಹಗ್ಗಕ್ಕೆ ಹಾಕಿದ್ದ ನೂಲಿನ ಲಡಿಗಳನ್ನು ಕಿಟಕಿಯಿಂದ ದೂರಕ್ಕೆ ಸರಿಸಿದ. ಹಳದಿ, ಮಸುಕು ಹಸಿರು, ತುದಿಯಲ್ಲಿ ಆ ಕೆಂಪು. ಮಂಜಿಷ್ಠದ ಬೇರಿನಿಂದ ಅಂಥ ಕೆಂಪು ಬರುವುದು ಅಪರೂಪ. ಹಂಡೆಯ ಕಾವು ಒಂದಿಷ್ಟು ಮೀರಿದರೂ ಅದು ಕಂದಿಗೆ ತಿರುಗಿ ಒಣಗಿದ ಗಾಯದ ಹಾಗಾಗುತ್ತದೆ. ಒಲೆಯ ಪಕ್ಕದಲ್ಲೇ ಕೂತಿರಬೇಕು, ಕೊಳ್ಳಿ ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ತಳ್ಳಬೇಕು, ನೀರಿನ ಮೈಯಲ್ಲಿ ಗುಳ್ಳೆ ಏಳದ ಹಾಗೆ, ಆವಿ ಮಾತ್ರ ಏಳುವ ಹಾಗೆ. ಹೆಂಡತಿ ಇದ್ದಾಗ, ಚಳಿಗಾಲದ ಶುರುವಿನ ಆ ಸಂಜೆ ಅವನು ಹಾಗೇ ಕೂತಿದ್ದ. ಹೊರಗೆ ಮಳೆಯೂ ಅಲ್ಲದ ಮಂಜೂ ಅಲ್ಲದ ಒಂದು ಸಂಜೆ ಸುರಿಯುತ್ತಿತ್ತು. ಹೋ... ಬಾ... ಅಂತ ಕೇಳಿಸಿತು. ಕುರಿಗಳನ್ನು ಒಳಗೆ ತರುತ್ತಿದ್ದಾಳೆ ಅಂದುಕೊಂಡ. ಮತ್ತೆ ಕೇಳಿಸಿತು. ಇವತ್ತು ಅವೇಕೋ ಹಟ ಮಾಡುತ್ತಿವೆ ಅಂದುಕೊಂಡ. ಮತ್ತೆ, ಮತ್ತೆ. ನಡುನಡುವೆ ಎಷ್ಟು ದೀರ್ಘ ಬಿಡುವು! ಹಂಡೆಯಲ್ಲಿ ಬಣ್ಣ ಏರುತ್ತಿತ್ತು. ಅದು ಒಂದು ಗಳಿಗೆಯಲ್ಲಿ ಕಿತ್ತಳೆಯನ್ನು ದಾಟಿ ಕೆಂಪಿಗೆ ಕಾಲಿಟ್ಟಿತು, ಅವನಿಗೆ ಮೈ ಜುಮ್ಮೆಂದಿತು, ಕೂಗು ಯಾವಾಗ ನಿಂತಿತೋ ನೆನಪಿಲ್ಲ. ಲಡಿಗಳನ್ನು ಮೇಲೆತ್ತಿ, ಹನಿಯುವುದಕ್ಕೆ ನೇತುಹಾಕಿ, ಕೈ ಒರೆಸಿಕೊಂಡು, ಅವಳಿಗೆ ತೋರಿಸಬೇಕೆಂದು ಹೊರಗೆ ಬಂದ. ಅವಳು ಮೇಲಿನ ಬೇಲಿಯ ಹತ್ತಿರ ಬಿದ್ದಿದ್ದಳು. ಕಾಲು ಮೊಣಕಾಲ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು. ಸುತ್ತ ಕುರಿಗಳು, ಎದೆಗೆ, ಬೆನ್ನಿಗೆ, ಹೊಟ್ಟೆಗೆ ಒತ್ತಿಕೊಂಡು ಮಲಗಿದ ಕುರಿಗಳು. ಒದ್ದೆ ಉಣ್ಣೆಯ ರಾಶಿಯ ನಡುವೆ ಅವಳ ಮುಖವಷ್ಟೇ ಕಾಣುತ್ತಿತ್ತು. ಅವು ಇಲ್ಲದಿದ್ದರೆ ಆ ಚಳಿಗೆ ಅಲ್ಲೇ ಮುಗಿಯುತ್ತಿತ್ತು ಎಂದು ಡಾಕ್ಟರು ಆಮೇಲೆ ಅಂದರು. ಎದೆಗೆ ಹತ್ತಿದ ಜ್ವರ ಇಳಿಯದೆ ಆಸ್ಪತ್ರೆಯಲ್ಲಿ ಮುಗಿಯಿತು. ಅವತ್ತು ಅವನು ಹತ್ತಿರ ಬಗ್ಗಿದಾಗ ಅವಳು ಹಲ್ಲು ಕಟಕಟಿಸುತ್ತ ಕೇಳಿದ್ದು ಒಂದೇ: “ಬಣ್ಣ ಚೆನ್ನಾಗಿ ಬಂತಾ?”

“ಬಂತು” ಅಂದಿದ್ದ.

ಈಗ ಹಗ್ಗದ ಕೆಳಗೆ ನಿಂತು ಆ ಸಂಜೆಯ ಕೂಗನ್ನು ಮತ್ತೊಮ್ಮೆ ಕೇಳಿಸಿಕೊಳ್ಳಲು ನೋಡಿದ. ಅದೇನೂ ಹೊಸದಲ್ಲ, ದಿನಕ್ಕೊಮ್ಮೆಯಾದರೂ ಮಾಡುತ್ತಿದ್ದ, ಹಲ್ಲುನೋವಿದ್ದವರು ನಾಲಗೆಯಿಂದ ಅದೇ ಹಲ್ಲನ್ನು ಒತ್ತಿ ನೋಡುವ ಹಾಗೆ. ಹಂಡೆ ಬಂತು, ಆವಿ ಬಂತು, ಕೂಗೂ ಬಂತು. ಆದರೆ ಕೂಗಿನ ತುದಿಯಲ್ಲಿ ಒಂದು ಕೆಮ್ಮು ಇತ್ತು. ಹೆಂಡತಿ ಕೆಮ್ಮುತ್ತಿರಲಿಲ್ಲ. ಅವನು ಕಣ್ಣು ಬಿಗಿದು ಮತ್ತೆ ಮೊದಲಿಂದ ಶುರುಮಾಡಿದ. ಮತ್ತೆ ನಾದಿನಿಯ ದನಿ. ಇನ್ನೂ ಹಿಂದಕ್ಕೆ ಹೋದ, ಮದುವೆಯ ಹೊಸತು, ಬೇಸಿಗೆ, ಹುಲ್ಲಿನ ಮೇಲೆ ಕೂತು ಕಾಲು ಚಾಚಿದ ಅವಳು, ಕುರಿಗಳಿಗೆ ಹಾಡು ಬೇಕಾಗಿಲ್ಲ ಕಣ್ರೀ. ಬಾಯಿ ಅವಳದು, ನಗು ಅವಳದು, ಅದರೊಳಗಿಂದ ಬಂದ ದನಿ ಮಾತ್ರ ಇಂದು ಬೆಳಗ್ಗೆ ಬೇಲಿಯ ಹತ್ತಿರ ಕೂಗಿದವಳದು. ಯಾರೋ ಮನೆಯೊಳಗೆ ನುಗ್ಗಿ, ಬೀಗ ಮುರಿಯದೆ, ಸಾಮಾನು ಚೆಲ್ಲದೆ, ಒಂದೇ ಒಂದು ವಸ್ತುವನ್ನು ಬದಲಿಸಿಟ್ಟು ಹೋಗಿದ್ದರು. ಒಳಗೆ ಬಿಟ್ಟುಕೊಂಡವನು ಅವನೇ.

ಕತ್ತಲಾಗುವುದಕ್ಕೆ ಇನ್ನೂ ಹೊತ್ತಿತ್ತು, ಆದರೂ ದೀಪ ಹಚ್ಚುವಷ್ಟು ಮಬ್ಬು ಕವಿಯಿತು. ಅವನು ಹಿಂಜುವ ಯಂತ್ರದ ಮುಂದೆ ಕೂತಿದ್ದ. ಹಂಚಿನ ಮೇಲೆ ಮೊದಲ ಆಲಿಕಲ್ಲುಗಳು ಬಿದ್ದವು. ನಾದಿನಿ ಬಾಗಿಲಿಂದ ಇಣುಕಿ, ಕೂತುಹೋದ ಗಂಟಲಿನ ಪಿಸುದನಿಯಲ್ಲಿ, “ಬಸುರಿ ಕುರಿಗಳು ನೆಂದ್ರೆ ಕಷ್ಟ, ಒಳಗೆ ಹಾಕ್ತೀನಿ” ಅಂದಳು. ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೋದಳು. ಅವನು ಹಿಡಿ ತಿರುಗಿಸುತ್ತಿದ್ದ. ಉಣ್ಣೆ ಉರುಳೆಯ ಮೇಲೆ ಮೋಡದ ಹಾಗೆ ತೆಳ್ಳಗೆ ಹರಡಿಕೊಳ್ಳುತ್ತಿತ್ತು. ಹೋ... ಎಂದು ತಗ್ಗಿನಲ್ಲಿ ಎದ್ದಿತು, ಬಾ... ಎನ್ನುವಲ್ಲಿ ಬಟ್ಟೆ ಹರಿದ ಹಾಗೆ ಪರ್‍ರೆಂದು ಹರಿದು ನಿಂತಿತು. ಮತ್ತೆ ಹೋ... ಎಂದಿತು. ಮತ್ತೆ ಹರಿಯಿತು. ಬಿಡುವು. ಕೆಮ್ಮು. ಇನ್ನೊಂದು ಸಲ, ಈ ಸಲ ದನಿಯೇ ಇಲ್ಲ, ಬರೀ ಗಾಳಿ. “ಬಂದೆ” ಅಂದ ಅವನು.

ಅಂದ ಮೇಲೆ ತನ್ನ ಕೈಯನ್ನು ನೋಡಿದ. ಕೈ ಹಿಡಿಯನ್ನು ತಿರುಗಿಸುತ್ತಲೇ ಇತ್ತು. ಒಂದು ಸುತ್ತು, ಇನ್ನೊಂದು ಸುತ್ತು, ಯಾರದೋ ಕೈ ಎಂಬಂತೆ, ಅವಸರವಿಲ್ಲದೆ. ಅದನ್ನು ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸಬೇಕಾಯಿತು. ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಬಣ್ಣದ ಕೋಣೆಗೆ ಓಡಿ, ಮೂಟೆ ಎಳೆದು ಕೆಡವಿ, ಬೇರುಗಳು ನೆಲದ ತುಂಬ ಚೆಲ್ಲುತ್ತಿರುವಾಗಲೇ ಹಲಗೆಯ ಮೇಲಿಂದ ಡಬ್ಬಿ ತೆಗೆದ, ಜೋಳದ ಚೀಲಕ್ಕೆ ಅದ್ದಿ ತುಂಬಿದ, ಬರಿತಲೆಯಲ್ಲಿ ಅಂಗಳಕ್ಕೆ ಬಿದ್ದ. ಆಲಿಕಲ್ಲು ಮುಖಕ್ಕೆ ಹೊಡೆಯುತ್ತಿತ್ತು. ಮೇಲೆ ಓರೆಯಲ್ಲಿ ಮಂದೆ ಬೆನ್ನು ತಿರುಗಿಸಿ ಒಂದಕ್ಕೊಂದು ಅಂಟಿಕೊಂಡು ನಿಂತಿತ್ತು. ಬೇಲಿಯ ಬಾಗಿಲಲ್ಲಿ ನಾದಿನಿ ಎರಡೂ ಕೈ ಬಾಯಿಯ ಸುತ್ತ ಹಿಡಿದು, ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದಳು. ಅವನು ಡಬ್ಬಿ ಅಲ್ಲಾಡಿಸಿದ.

ಎಂಥ ಸಣ್ಣ ಸದ್ದು! ಆಲಿಕಲ್ಲಿನ ಗದ್ದಲದಲ್ಲಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಯಜಮಾನಿ ತಲೆ ಎತ್ತಿತು. ಆಮೇಲೆ ಎಲ್ಲವೂ ಒಟ್ಟಿಗೇ ತಿರುಗಿದವು, ಬಸುರಿಯರು ಹೊಟ್ಟೆ ತೂಗುತ್ತ, ಎಳೆಯವು ನೆಗೆಯುತ್ತ, ಬೇಲಿಯ ಬಾಗಿಲಲ್ಲಿ ನುಗ್ಗಿ ಬಂದವು. ಕೋಟಿನ ಅಂಚಿಗೆ ಮೈ ಉಜ್ಜಿಕೊಂಡು ಹೋದವೇ ಹೊರತು ಒಂದೂ ಅಲ್ಲಿ ನಿಲ್ಲಲಿಲ್ಲ. ಒಂದು ಕಂಬದ ಪಕ್ಕ ಹಾದುಹೋಗುವ ಹಾಗೆ ಹಾದುಹೋದವು. ಅವಳು ಕೈಗಳನ್ನು ಬಾಯಿಯಿಂದ ಇನ್ನೂ ಇಳಿಸಿರಲಿಲ್ಲ. ಕುರಿಗಳನ್ನು ನೋಡಲಿಲ್ಲ, ಡಬ್ಬಿಯನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಡಬ್ಬಿಯನ್ನು.

ಕೊಟ್ಟಿಗೆಯ ಒಳಗೆ ಲಾಂದ್ರದ ಬೆಳಕಿನಲ್ಲಿ ಒದ್ದೆ ಮೈಗಳಿಂದ ಹಬೆ ಏಳುತ್ತಿತ್ತು. ಅವನು ಹುಲ್ಲು ಬಿಚ್ಚಿ ಹರಡಿದ, ಹರಡಿದ್ದನ್ನೇ ಮತ್ತೆ ಹರಡಿದ. ಅವಳು ಒಂದು ಕಟ್ಟಿನ ಮೇಲೆ ಕೂತು ಟೋಪಿ ಹಿಂಡಿದಳು.

“ಇವತ್ತು ಹೊಳೀತಾ, ಮೊದಲೇ ಗೊತ್ತಿತ್ತಾ?” ದನಿ ಬಿರುಕುಬಿಟ್ಟ ಪಿಸುಮಾತಾಗಿತ್ತು.

ಇವತ್ತು ಎಂದರೆ ಮುಗಿಯುತ್ತಿತ್ತು. “ಮೊದಲೇ,” ಅಂದ.

“ಮೊದಲೇ ಅಂದ್ರೆ?”

“ನೀನು ಔಷಧಿ ತರೋಕೆ ಹೋಗಿದ್ದೆಯಲ್ಲ, ಅವತ್ತು.”

“ಅವತ್ತಿಂದ!” ಅವಳು ನಕ್ಕಳು, ನಗುವಿನಲ್ಲೂ ಗಾಳಿಯೇ ಇತ್ತು. “ನಾನು ದಿನಾ ಉಪ್ಪುನೀರು ಮುಕ್ಕಳಿಸಿ, ಹುಚ್ಚಿ ಥರ ಬೇಲಿ ಹತ್ರ ನಿಂತು... ಅಯ್ಯೋ, ನೀವು ಒಂದು ಮಾತು ಹೇಳಬಾರದಿತ್ತಾ ಭಾವ?”

“ನಿಂಗೆ ಚೆನ್ನಾಗಿ ಬರ್ತಿತ್ತು.” ಬಾಯಿಂದ ಬಿದ್ದ ಮೇಲೆ ಅದನ್ನು ಹೆಕ್ಕಿಕೊಳ್ಳಲಾಗಲಿಲ್ಲ.

“ಚೆನ್ನಾಗಿ ಬರ್ತಿತ್ತಾ?” ಅವಳು ಟೋಪಿಯನ್ನು ಪಕ್ಕಕ್ಕಿಟ್ಟಳು. “ಒಳಗೆ ಕೂತು ಕೇಳ್ತಿದ್ರಾ? ದಿನಾ? ನಾನು ಇಲ್ಲಿ ಕುರಿ ಮೇಯಿಸ್ತಿದ್ದೀನಿ ಅಂದ್ಕೊಂಡಿದ್ದೆ. ನಿಮ್ಮನ್ನ ಮೇಯಿಸ್ತಿದ್ನಾ?”

ಯಜಮಾನಿ ಅವನ ಕೈಯ ಡಬ್ಬಿಗೆ ಮೂತಿ ತೂರಿಸುತ್ತಿತ್ತು. ಅವನು ಅದನ್ನು ತಳ್ಳಿದ. ಅದು ಮತ್ತೆ ಬಂತು. ಹೇಳಬೇಕಾದದ್ದು ಹಂಡೆಯ ಬಗ್ಗೆ, ಕಾವಿನ ಬಗ್ಗೆ, ಆ ದೀರ್ಘ ಬಿಡುವುಗಳ ಬಗ್ಗೆ. “ಆ ಸಂಜೆ...” ಅಂದ. “ಆ ಸಂಜೆ ನಂಗೆ...”

“ಕೇಳಿಸಿತ್ತು. ಗೊತ್ತು.” ಅವಳು ಸಿಟ್ಟಿಲ್ಲದೆ ಅಂದಳು. “ಅಷ್ಟು ದೂರ ಕೇಳೋ ದನಿ, ಮನೇಲಿರೋರಿಗೆ ಕೇಳದೆ ಇರುತ್ತಾ? ಅಕ್ಕನಿಗೂ ಗೊತ್ತಿತ್ತು. ಆಸ್ಪತ್ರೇಲಿ ನಾನೇ ಕೇಳಿದ್ದೆ, ಕಾಲು ಮುರ್ಕೊಂಡು ಬಿದ್ದೋಳು ಭಾವನ್ನ ಕರೆಯೋದು ಬಿಟ್ಟು ಕುರಿಗಳನ್ನ ಯಾಕೆ ಕರೆದೆ ಅಂತ. ನಕ್ಕಳು. ‘ಅವರನ್ನ ಕರೆದಿದ್ರೆ ಬಂದೆ ಅಂತಿದ್ರು. ಬಂದೆ ಅಂದ ಮೇಲೆ ಕಾಯಬೇಕಾಗ್ತಿತ್ತು. ಕುರಿಗಳಾದ್ರೆ ಏನೂ ಅನ್ನಲ್ಲ, ಸುಮ್ಮನೆ ಬರ್ತವೆ’ ಅಂದ್ಲು. ಬೈದಿದ್ದಲ್ಲ. ನಿಮ್ಮ ಬಗ್ಗೆ ಯಾವಾಗಲೂ ತಮಾಷೆ ಮಾಡ್ತಿದ್ಳಲ್ಲ, ಹಾಗೆ.”

ಕುರಿಗಳು ಹುಲ್ಲು ಅಗಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಅವನಿಗೆ ಆ ಮಾತನ್ನು ಹೆಂಡತಿಯ ಬಾಯಲ್ಲಿ ಕೇಳಬೇಕೆನಿಸಿತು. ಹುಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದ. ಆಸ್ಪತ್ರೆಯ ಹಾಸಿಗೆ ಬಂತು, ಹೊದಿಕೆಯ ನೀಲಿ ಪಟ್ಟೆ ಬಂತು, ಒಣಗಿದ ತುಟಿ ಬಂತು. ದನಿ ಬರಲಿಲ್ಲ. ಈ ಸಲ ನಾದಿನಿಯ ದನಿಯೂ ಬರಲಿಲ್ಲ. ತುಟಿಗಳು ಸುಮ್ಮನೆ ಅಲ್ಲಾಡಿದವು, ಬೇಲಿಯ ಹತ್ತಿರ ಮೀನಿನಂತೆ ಅಲ್ಲಾಡಿದ ಹಾಗೆ. ಸದ್ದಿಲ್ಲದ ಆ ತುಟಿಗಳನ್ನು ಅವನು ಬಹಳ ಹೊತ್ತು ನೋಡಿದ. ಅದು ಅವಳೇ. ಇಷ್ಟು ದಿನಗಳಲ್ಲಿ ಮೊದಲ ಸಲ ಅವಳು ಮಾತ್ರ.

ಕಣ್ಣು ತೆರೆದಾಗ ನಾದಿನಿ ಕೋಟು ಬಿಚ್ಚಿ ನಡುಗುತ್ತಿದ್ದ ಯಜಮಾನಿಯ ಬೆನ್ನಿಗೆ ಹೊದಿಸುತ್ತಿದ್ದಳು. ಕೋಟಿಲ್ಲದೆ ಅವಳು ತುಂಬ ಸಣ್ಣವಳಾಗಿ ಕಂಡಳು. ಕಾಜ ಹೊಲಿಯುವ, ಕೆಂಪು ಟೋಪಿಯ, ಯಾರದೋ ಮನೆಗೆ ಬಂದಿರುವ ಹುಡುಗಿ.

“ಬೆಳಗ್ಗೆ ಮೊದಲನೇ ಬಸ್ಸಿಗೆ ಹೋಗ್ತೀನಿ ಭಾವ.”

“ಹೂಂ.”

“ಇರು ಅಂತ ಅನ್ನಲ್ವಾ?”

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಹಾಗೆ ಅಲ್ಲಾಡಿಸಲು ಅವನಿಗೆ ಬಂದೀತೆಂದು ಅವಳು ಎಣಿಸಿರಲಿಲ್ಲವೇನೋ. ಆಮೇಲೆ ಅವಳ ಮುಖದಲ್ಲಿ ಏನೋ ಮೆತ್ತಗಾಯಿತು. ಕರುಣೆಯೋ, ಸೇಡಿನ ಕೊನೆಯ ತುಣುಕೋ, ಅಥವಾ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರ ಆ ಹಳೆಯ ಆಟವೋ, ಅವನಿಗೆ ತಿಳಿಯಲಿಲ್ಲ. ಅವಳು ಹಿಂದಕ್ಕೆ ಸರಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ನಡುವೆ ಹುಲ್ಲು, ಕುರಿಗಳು, ಹಬೆ.

“ಗಂಟಲಲ್ಲಿ ಇನ್ನೊಂದು ಸಲಕ್ಕಾಗುವಷ್ಟು ಉಳಿದಿದೆ,” ಅಂದಳು. “ಕುರಿಗಳನ್ನಲ್ಲ. ನಿಮ್ಮನ್ನ ಕರೀತೀನಿ. ಅವಳು ‘ರೀ’ ಅಂತಿದ್ಳಲ್ಲ, ಒಳಗಿಂದ, ಕೊನೇಲಿ ಸ್ವಲ್ಪ ಎಳೆದು, ಹಾಗೇ. ನಂಗೆ ಬರುತ್ತೆ. ನೀವು ಬಂದೆ ಅನ್ನಬೇಡಿ, ಎದ್ದು ಬಂದ್ಬಿಡಿ. ಇಷ್ಟೇ ಇಷ್ಟು ದೂರ. ಆಮೇಲೆ ಎಲ್ಲ ಮುಗೀತು, ಇಬ್ಬರಿಗೂ. ಕರೀಲಾ?”

ಅವನ ಕಾಲು ಆಗಲೇ ನೆಲವನ್ನು ಒತ್ತಿ ಏಳಲು ಅಣಿಯಾಗಿತ್ತು. ಅವಳು ಉಸಿರು ಎಳೆದುಕೊಂಡಳು, ತುಟಿ ತೆರೆದಳು.

“ಬೇಡ,” ಅಂದ.